ಅರ್ಧ ಕಲಾಯಿಯ ಕೊಪ್ಪರಿಗೆ

ನಮ್ಮೂರಲ್ಲಿ ಒಲೆ ಹಚ್ಚಿ ಹೆಸರು ಮಾಡಿದ ಹೆಂಗಸರು ಬೇಕಾದಷ್ಟಿದ್ದಾರೆ. ಒಲೆ ಹಚ್ಚದೆ ಗೆದ್ದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಜಂಬ ಅನ್ನುವವರು ಅಂದುಕೊಳ್ಳಲಿ, ಊರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ? ನನ್ನ ಬಾಯಿಗೇ ನಾನು ಹಾಕಿಕೊಳ್ಳಲಿಲ್ಲ, ಅದರಿಂದ ಆದ ಅನಾಹುತವೂ ಈ ಕತೆಯಲ್ಲೇ ಇದೆ.

ನಮ್ಮೂರು ಮಾಗಡಿಯಿಂದ ಕಲ್ಯದ ಕಡೆ ಹೋಗುವ ಬಸ್ಸಿನ ದಾರಿಯಲ್ಲಿದೆ. ರಾಗಿ, ಹುರುಳಿ, ನಾಲ್ಕು ತೆಂಗು, ಒಂದಿಷ್ಟು ಮಾವು, ಇಷ್ಟರಲ್ಲೇ ನಮ್ಮ ಬದುಕು. ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ ಊರಮ್ಮನಿಗೆ ಪರ ಮಾಡುತ್ತೇವೆ. ಪರ ಅಂದರೆ ಊರಿಗೆ ಊರೇ ಗುಡಿಯ ಮುಂದೆ ಸಾಲಾಗಿ ಕೂತು ಮುದ್ದೆ, ಹುಳಿಸಾರು ಉಣ್ಣುವುದು. ಆವತ್ತು ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಸಾರು ಕುದಿಯುವುದು ಅಮ್ಮನ ಕೊಪ್ಪರಿಗೆಯಲ್ಲಿ ಮಾತ್ರ. ತಾಮ್ರದ್ದು, ನಾಲ್ಕು ಜನ ಎತ್ತಿದರೂ ಏದುಸಿರು ಬರುವಷ್ಟು ಭಾರ. ಮೊದಲು ಆ ಒಲೆಗೆ ನನ್ನ ಅತ್ತೆ ಯಜಮಾನಿ. ಆಕೆಗೆ ಕೈಲಾಗದೆ ಹೋದ ಮೇಲೆ ಸೌಟು ನನ್ನ ಕೈಗೆ ಬಂತು. ಎಸ್ಸೆಲ್ಸಿ ಪಾಸಾದ ದಿನ ಆಗದ ಖುಷಿ ನನಗೆ ಆವತ್ತು ಆಗಿತ್ತು.

ತಾಮ್ರದ ಪಾತ್ರೆಯ ಒಳಮೈಗೆ ತವರದ ಕಲಾಯಿ ಇಲ್ಲದಿದ್ದರೆ ಹುಳಿ ಬಿದ್ದ ತಕ್ಷಣ ಕಿಲುಬೇಳುತ್ತದೆ, ಉಂಡವರು ಹೊಟ್ಟೆ ಹಿಡಿದುಕೊಂಡು ಮಲಗಬೇಕಾಗುತ್ತದೆ. ಅದಕ್ಕೇ ಪರಕ್ಕೆ ಒಂದು ವಾರ ಇರುವಾಗ ಮಾಗಡಿಯಿಂದ ಕಲಾಯಿ ಸಾಬರು ಬರುತ್ತಿದ್ದರು. ಅವರಿಗೂ ಮುಂಚೆ ಅವರ ಅಪ್ಪ ಬರುತ್ತಿದ್ದರಂತೆ. ಗುಡಿಯ ಹಿಂದಿನ ಹುಣಸೆಮರದಡಿ ಗುಂಡಿ ತೋಡಿ, ಇದ್ದಲು ತುಂಬಿ, ಚರ್ಮದ ತಿದಿ ಒತ್ತಿ ಬೆಂಕಿ ಎಬ್ಬಿಸುವರು. ಕೊಪ್ಪರಿಗೆ ಕಾದ ಮೇಲೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಆಡಿಸಿ, ಹತ್ತಿಯ ಉಂಡೆಯಲ್ಲಿ ಸರಸರ ಉಜ್ಜಿದರೆ ಕೆಂಪು ತಾಮ್ರ ನಮ್ಮ ಕಣ್ಣೆದುರೇ ಬೆಳ್ಳಗಾಗುತ್ತಿತ್ತು. ಆ ಹೊಗೆಯ ಘಾಟು ಮೂಗಿಗೆ ಬಿದ್ದರೆ ಪರ ಬಂತು ಎಂದೇ ಲೆಕ್ಕ.

ಕಲಾಯಿ ಆದ ದಿನವೇ ನಾವು 'ಹುಳಿ ನೋಡುವುದು' ಅಂತ ಮಾಡುತ್ತೇವೆ. ಕೊಪ್ಪರಿಗೆಯ ತಳದಲ್ಲಿ ಒಂದಿಷ್ಟು ಹುಣಸೆಹುಳಿ ಬಿಟ್ಟು ಸಾರು ಕುದಿಸಿ, ಅದರ ಮೊದಲ ತುತ್ತನ್ನು ಕಲಾಯಿ ಹಾಕಿದವನಿಗೆ ಕೊಡುವುದು. ಅವನು ಊರೆದುರಿಗೆ ಉಂಡು 'ಸರಿಯಾಗೈತೆ' ಅನ್ನಬೇಕು. "ಹಾಕಿದ ಕೈಯೇ ಜಾಮೀನು ಕಣವ್ವ" ಅನ್ನುತ್ತಿದ್ದಳು ನನ್ನ ಅತ್ತೆ. ಸಾಬರು ಪ್ರತಿ ವರ್ಷ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿ, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, "ಇನ್ನೂ ಬದುಕಿವ್ನಿ!" ಅನ್ನುವರು. ನಾವೆಲ್ಲ ನಗುತ್ತಿದ್ದೆವು.

ಇನ್ನು ನಮ್ಮ ಯಜಮಾನರ ಕಣ್ಣಿನ ವಿಷಯ. ನಾನು ಹೇಳಹೊರಟ ಕತೆ ನಡೆಯುವುದಕ್ಕೆ ಹನ್ನೆರಡು ವರ್ಷ ಮುಂಚೆ ಅವರು ಮಾವಿನ ಲೋಡಿನ ಜೊತೆ ಬೇರೆ ಜಿಲ್ಲೆಯ ಒಂದು ಊರಿಗೆ ಹೋಗಿದ್ದರು. ಅಲ್ಲಿ ಯಾವುದೋ ಗಲಾಟೆ ಎದ್ದಿತ್ತು. ಮುಸಲ್ಮಾನ ಹುಡುಗರ ಗುಂಪೊಂದು ತಮ್ಮ ದೇವರ ಹೆಸರು ಕೂಗುತ್ತಾ ಬಂದು ಲಾರಿಗೆ ಕಲ್ಲು ತೂರಿತು. ಒಂದು ಕಲ್ಲು ಇವರ ಎಡಗಣ್ಣಿಗೇ ಬಿತ್ತು. ಯಾರೊಂದಿಗೂ ಎತ್ತರದ ದನಿಯಲ್ಲಿ ಮಾತಾಡದ ಮನುಷ್ಯ. ಎತ್ತಿಗೂ ಬಾರುಕೋಲು ಮುಟ್ಟಿಸಿದವರಲ್ಲ. ಅಂಥವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದಾಗ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತು.

ಆ ಬೇಸಿಗೆ ಸಾಬರು ಕಲಾಯಿಗೆ ಬಂದರು. ನಾನು ಹುಣಸೆಮರದಡಿಗೇ ಹೋಗಿ ಅವರ ಮೇಲೆ ಹಾರಿದೆ. "ನಿಮ್ಮ ಮತವೇ ಹಿಂಗೆ! ಕೊಲ್ಲು, ಕಡಿ ಅನ್ನೋದು ಬುಟ್ಟು ಬೇರೆ ಏನಾದ್ರೂ ಹೇಳ್ಕೊಟ್ಟೈತಾ ನಿಮ್ಮ ದೇವ್ರು?"

ಅವರು ತಿದಿ ಒತ್ತುವುದನ್ನು ನಿಲ್ಲಿಸಿದರು. "ಹೊಡ್ದೋರು ನಮ್ಮೋರೇ ತಂಗ್ಯವ್ವ. ಅಲ್ಲ ಅನ್ನಕಿಲ್ಲ," ಎಂದರು, ಅಷ್ಟೇ. ಕೆಲಸ ಮುಗಿಸಿ ಹೊರಟರು.

ಹತ್ತು ದಿನ ಬಿಟ್ಟು ಮತ್ತೆ ಬಂದರು, ತಿದಿಯಿಲ್ಲದೆ, ಬರಿಗೈಯಲ್ಲಿ. ನಮ್ಮ ಜಗಲಿಯ ಮೇಲೆ ಕೂತು ಹೇಳಿದರು: "ಶುಕ್ರವಾರ ನಮಾಜ್ ಆದ್ಮೇಲೆ ನಮ್ಮ ಮಸೀದೀಲಿ ಎದ್ದು ನಿಂತೆ. ನಾನು ಕಲಾಯಿ ಹಾಕೋ ಮನೆ ಯಜಮಾನ್ನ ಕಣ್ಣು ಹೋಗೈತೆ. ಹೊಡ್ದೋರು ನಮ್ಮ ದೇವ್ರ ಹೆಸ್ರು ಕೂಗಿ ಹೊಡ್ದವ್ರೆ. ಅದು ಸರಿ ಅನ್ನೋನು ಯಾವನಾದ್ರೂ ಇದ್ರೆ ಎದ್ದು ನಿಲ್ಲಿ ಅಂದೆ. ಯಾರೂ ನಿಲ್ಲಲಿಲ್ಲ. ಒಂದಿಬ್ರು ನನ್ನ ಮ್ಯಾಲೆ ಸಿಟ್ಟಾದ್ರು, ಆಗ್ಲಿ ಬುಡು." ಆಮೇಲೆ ಇನ್ನೊಂದು ಮಾತು ಹೇಳಿದರು. "ತಾಮ್ರ ಕೆಟ್ಟದ್ದಲ್ಲ ತಂಗ್ಯವ್ವ. ಆದ್ರೆ ಕಲಾಯಿ ಸವೆದ್ಮೇಲೆ ಅದ್ರಲ್ಲಿ ಮಾಡಿದ್ದೆಲ್ಲ ವಿಷ. ಯಾರ ಪಾತ್ರೆಯೋ ಅವ್ರೇ ನೋಡ್ಕೋಬೇಕು. ನಮ್ದುನ್ನ ನಾವು ನೋಡ್ಕೊಳ್ಲಿಲ್ಲ."

ನಾನೇನು ಕರಗಿದೆನಾ? ಇಲ್ಲ. "ಕಣ್ಣು ವಾಪಸ್ ಬತ್ತದಾ?" ಅಂದು ಒಳಗೆ ಹೋದೆ. ಒಂದು ಲೋಟ ನೀರನ್ನೂ ಕೊಡಲಿಲ್ಲ.

ಯಜಮಾನರು ಆಗಲೂ ಶಾಂತ. "ಕಲ್ಲು ಹೊಡ್ದೋನ ಮುಖ ನಾನು ನೋಡಿವ್ನಿ ಕಣೇ. ಇನ್ನೂ ಮೀಸೆ ಬಂದಿರ್ನಿಲ್ಲ, ನನಗಿಂತ ಜಾಸ್ತಿ ಅವ್ನೇ ಹೆದ್ರಿದ್ದ" ಅನ್ನುವರು. ನಾನು ಮಾತ್ರ ಬಿಡಲಿಲ್ಲ. ಮುದ್ದೆ ತಿರುವುವಾಗ, ಕಾಳು ಬಿಡಿಸುವಾಗ, ಅವರ ಕಣ್ಣಿಗೆ ಔಷಧಿ ಬಿಡುವಾಗ, 'ಆ ಮತವೇ ಕೊಲ್ಲೋ ಮತ' ಅಂತ ವರ್ಷಗಟ್ಟಲೆ ಅಂದೆ. ಒಲೆಯ ಪಕ್ಕ ಕೂತು ಉಣ್ಣುತ್ತಿದ್ದ ನನ್ನ ಮಗ ಮುದ್ದೆಯ ಜೊತೆ ಆ ಮಾತನ್ನೂ ನುಂಗುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ನನಗೆ ಇರುವವನು ಅವನೊಬ್ಬನೇ ಮಗ.

ಅವನು ಬೆಳೆದ. ಗೂಡ್ಸ್ ಆಟೊ ತೆಗೆದುಕೊಂಡ, ರಾಮನಗರದ ಮಂಡಿಗೆ ಮಾವು, ಚನ್ನಪಟ್ಟಣಕ್ಕೆ ಎಳನೀರು ಹೊಡೆಯುತ್ತಿದ್ದ. ದುಡಿಮೆಗಾರ, ಕುಡಿತವಿಲ್ಲ. ಫೋನು ಮಾತ್ರ ಕೈ ಬಿಡುತ್ತಿರಲಿಲ್ಲ. ಅದರಲ್ಲಿ ದಿನಾ ಯಾರೋ ಯಾರನ್ನೋ ಹೊಡೆಯುತ್ತಿರುವ ವಿಡಿಯೊಗಳು. ಯಾವ ಊರು, ಯಾವ ಕಾಲ, ನಿಜವೋ ಸುಳ್ಳೋ ದೇವರಿಗೇ ಗೊತ್ತು. ನೋಡಿ ಹಲ್ಲು ಕಡಿಯುವನು. ನಾನೂ ಪಕ್ಕದಲ್ಲಿ ಕೂತು 'ಥೂ' ಅನ್ನುತ್ತಿದ್ದೆ.

ಆ ವರ್ಷ ಪರಕ್ಕೆ ಎಂಟು ದಿನ ಇತ್ತು, ಸೋಮವಾರ. ನಾನು ಮಾಗಡಿಗೆ ರಾಗಿ ಬೀಸಿಸಲು ಹೋಗಿದ್ದೆ. ಮಧ್ಯಾಹ್ನದ ಬಸ್ಸಿಗೆ ಇಳಿದರೆ ಗುಡಿಯ ಹಿಂದೆ ಹೊಗೆಯಿಲ್ಲ, ಸದ್ದಿಲ್ಲ. ಹೋಗಿ ನೋಡಿದೆ. ಕೊಪ್ಪರಿಗೆ ಗುಂಡಿಯ ಮೇಲೆ ವಾರೆಯಾಗಿ ಬಿದ್ದಿತ್ತು. ಒಳಮೈ ಅರ್ಧ ಬೆಳ್ಳಗೆ, ಅರ್ಧ ಕೆಂಪು. ತಿದಿಯ ಚರ್ಮ ಹರಿದು ಮಣ್ಣಲ್ಲಿ ಹೊರಳಿತ್ತು. ಸಾಬರ ಒಂದು ಚಪ್ಪಲಿ ಅಲ್ಲೇ ಇತ್ತು.

ಆದದ್ದು ಇಷ್ಟು. ನನ್ನ ಮಗ, ಅವನ ಮೂವರು ಗೆಳೆಯರು, ಅಮ್ಮನ ಪಾತ್ರೆಯನ್ನು ಬೇರೆ ಜಾತಿಯವನು ಯಾಕೆ ಮುಟ್ಟಬೇಕು ಎಂದು ಜಗಳ ತೆಗೆದಿದ್ದಾರೆ. ಸಾಬರು, "ನಿಮ್ಮ ತಾತಂದಿರ ಕಾಲ್ದಿಂದ ಮುಟ್ತಾ ಇವ್ನಿ, ಹೋಗ್ರೋ" ಅಂದಿದ್ದಾರೆ. ಅಮ್ಮನ ಹೆಸರು ಕೂಗಿ ನನ್ನ ಮಗ ಇಕ್ಕಳ ಕಿತ್ತುಕೊಂಡು ಅವರ ಕೈ ಮೇಲೇ ಬೀಸಿದ್ದಾನೆ. ಬಲಗೈಯ ಮಣಿಕಟ್ಟು ಮುರಿದಿದೆ. ಯಜಮಾನರು ಓಡಿಬಂದು ಅವರನ್ನು ಯಾರದೋ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದರು. ಒಂಟಿ ಕಣ್ಣಿನ ಆ ಮನುಷ್ಯ ಒಬ್ಬರೇ ಓಡಿದ್ದು. ಉಳಿದವರೆಲ್ಲ ಎರಡೂ ಕಣ್ಣಲ್ಲಿ ನೋಡುತ್ತಾ ನಿಂತಿದ್ದರು.

ಮಗ ಹಟ್ಟಿಯಲ್ಲಿ ಆಟೊ ತೊಳೆಯುತ್ತಿದ್ದ.

"ಏನ್ಲಾ ಮಾಡ್ಬುಟ್ಟೆ?"

"ಅಮ್ಮನಿಗೋಸ್ಕರ ಮಾಡ್ದೆ. ಅಮ್ಮನ ಹೆಸ್ರು ಹೇಳೇ ಹೊಡ್ದೆ."

"ಓಹೋ! ಗುಡಿ ಒಳಗಿಂದ ಎದ್ದು ಬಂದು ಹೇಳಿದ್ಲಾ ಅಮ್ಮ, ನನ್ನ ಕೊಪ್ಪರಿಗೆಗೆ ಕಲಾಯಿ ಹಾಕೋ ಮುದುಕನ ಕೈ ಮುರಿ ಅಂತ? ಇಲ್ಲ, ಫೋನ್ ಮಾಡಿದ್ಲಾ?"

ಅವನು ಬಟ್ಟೆ ಬಿಸಾಕಿ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತ. "ಅಪ್ಪನ ಕಣ್ಣು ತೆಗ್ದೋರು ಯಾರವ್ವ? ಆ ಮತವೇ ಕೊಲ್ಲೋ ಮತ ಅಂತ ದಿನಾ ಹೇಳ್ತಿದ್ದೋಳು ನೀನೇ ಅಲ್ವಾ? ಈಗ ನನ್ನ ಕೇಳ್ತೀಯಲ್ಲ!"

ಯಾವತ್ತೂ ಬಾಯಿ ಸೋಲದವಳು ನಾನು. ಆವತ್ತು ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಿರಲಿಲ್ಲ, ಇಪ್ಪತ್ತನಾಲ್ಕು ವರ್ಷದ ಆಳಾಗಿ ಎದುರಿಗೆ ನಿಂತಿತ್ತು. ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ.

ಮಂಗಳವಾರ ಮೊದಲ ಬಸ್ಸಿಗೇ ಮಾಗಡಿಗೆ ಹೋದೆ. ಸಾಬರ ಮಗಳು ಬಾಗಿಲು ತೆರೆದಳು, ನನ್ನನ್ನು ನೋಡಿ ಅರ್ಧ ಮುಚ್ಚಿದಳು. "ಕಂಪ್ಲೇಂಟ್ ಕೊಡ್ತಿದೀವಿ," ಎಂದಳು.

"ಕೊಡು ತಾಯಿ. ನನ್ನ ಮಗ ನನ್ನೆದುರಿಗೇ ಒಪ್ಕಂಡವ್ನೆ. ಸಾಕ್ಷಿ ಬೇಕಾದ್ರೆ ನನ್ನ ಹೆಸ್ರು ಬರ್ಸು," ಎಂದೆ. ಅವಳು ಬಾಗಿಲು ಬಿಟ್ಟಳು.

ಸಾಬರು ಗೋಡೆಗೆ ಒರಗಿ ಕೂತಿದ್ದರು, ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ನಾನು ಕಾಲಿಗೆ ಬೀಳಲು ಹೋದೆ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಮುಖ ಗಂಟುಹಾಕಿಕೊಂಡೇ ಇತ್ತು. ಕ್ಷಮಿಸುವ ದೊಡ್ಡ ಮನುಷ್ಯನ ಮುಖವಲ್ಲ ಅದು, ನೋವಿನ ಮುಖ, ಸಿಟ್ಟಿನ ಮುಖ.

"ನೀನ್ಯಾಕೆ ಬೀಳ್ತೀಯ? ಹೊಡ್ದೋನು ಬರ್ಲಿ. ನನ್ನ ತಿದಿ ಹರ್ದೋನು ಹೊಲಿಸ್ಕೊಂಡು ಬರ್ಲಿ. ಕೈ ಕೂಡೋಗಂಟ ನನ್ನ ಕೈ ಅವ್ನೇ ಆಗ್ಲಿ. ದುಡುದ್ರೇನೇ ನಂಗೆ ಊಟ." ಆಮೇಲೆ ಕೇಳಿದರು: "ನಿಮ್ಮೆಜಮಾನ್ರ ಕಣ್ಣು ಹೋದಾಗ ನಾನು ನಮ್ಮೋರ ಮುಂದೆ ನಿಂತೆ ತಂಗ್ಯವ್ವ. ಈಗ ನೀನು ಯಾರ ಮುಂದೆ ನಿಂತೀಯ?"

ಆ ಪ್ರಶ್ನೆ ಇಟ್ಟುಕೊಂಡು ಬಸ್ಸು ಹತ್ತಿದೆ. ಊರು ಬರುವಷ್ಟರಲ್ಲಿ ಅಳು ನಿಂತಿತ್ತು, ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬಂದರೆ ತಲೆ ಚೆನ್ನಾಗಿ ಓಡುತ್ತದೆ.

ಆ ಸಂಜೆಯೇ ಗುಡಿಯ ಕಟ್ಟೆಯ ಮೇಲೆ ಗಂಡಸರೆಲ್ಲ ಸೇರಿದ್ದರು. ನಾನು ಹೋಗಿ ನಡುವೆ ನಿಂತೆ. ಗುಡಿಯ ಯಜಮಾನರು ಸಮಾಧಾನದ ದನಿಯಲ್ಲಿ ಶುರು ಮಾಡಿದರು. "ಆದದ್ದು ಆಗೋಯ್ತು. ದೊಡ್ಡದು ಮಾಡ್ಬ್ಯಾಡ. ಶಾಮಿಯಾನದ ಅಂಗಡಿಯಿಂದ ಸ್ಟೀಲ್ ಪಾತ್ರೆ ಬಾಡ್ಗೆಗೆ ತರ್ಸೋಣ. ಹುಡುಗ್ರು ಏನೋ ಬಿಸಿ ರಕ್ತ, ಮಾಡವ್ರೆ. ಇದುಕ್ಕೂ ದೇವ್ರಿಗೂ ಧರ್ಮಕ್ಕೂ ಏನ್ ಸಂಬಂಧ?"

ಕಾದಿದ್ದೆ ಈ ಮಾತಿಗೆ.

"ಯಜಮಾನ್ರೇ, ಹನ್ನೆರಡು ವರ್ಷದ ಹಿಂದೆ ನಮ್ಮನೆಯೋರ ಕಣ್ಣು ಹೋದಾಗ ಇದೇ ಕಟ್ಟೆ ಮ್ಯಾಲೆ ಕೂತು ನೀವೇನಂದ್ರಿ? ಹುಡುಗ್ರ ಬಿಸಿ ರಕ್ತ ಅಂದ್ರಾ? ಇಲ್ಲ! ಅದು ಅವ್ರ ಧರ್ಮದ್ದೇ ತಪ್ಪು ಅಂದ್ರಿ. ನಾನೂ ಅಂದೆ. ಅವ್ರು ಹೊಡುದ್ರೆ ಧರ್ಮದ್ದು, ನಮ್ಮೋರು ಹೊಡುದ್ರೆ ಹುಡುಗ್ರುದಾ? ಯಾವೂರ ತಕ್ಕಡಿ ಇದು? ನಮ್ಮೆಲೇಲಿ ಹೆಗ್ಗಣ ಸತ್ತು ಬಿದ್ದೈತೆ, ಪಕ್ಕದೋರ ಎಲೆ ನೊಣ ಓಡುಸ್ತಾ ಕೂತಿವಿ!"

"ಹೆಂಗುಸ್ರ ಬುದ್ಧಿ ಮೊಣಕಾಲ್ ಕೆಳ್ಗೆ" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಕೆಳಗಾದ್ರೂ ಐತಲ್ಲ! ನಿಂದು ಎಲ್ಲೈತೆ ಒಸಿ ತಡಕಾಡಿ ನೋಡ್ಕೋ," ಎಂದೆ. ಆಮೇಲೆ ಪೂಜಾರಪ್ಪನ ಕಡೆ ತಿರುಗಿದೆ. ಹೊಡೆಯುವಾಗ ಅವನು ಗುಡಿಯೊಳಗೇ ಇದ್ದ. "ನಾನು ಗಂಟೆ ಬಾರುಸ್ತಾ ಇದ್ದೆ, ನಂಗೇನೂ ಕೇಳುಸ್ನಿಲ್ಲ," ಎಂದು ಅವನು ನಾನು ಕೇಳುವ ಮುಂಚೆಯೇ ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಒಂದಿಬ್ಬರು ನಕ್ಕರು.

ಆಗ ನಾನು ಹೇಳಿಬಿಟ್ಟೆ. "ಸಾಬ್ರು ಬಂದು ಆ ಕೊಪ್ಪರಿಗೆ ಪೂರ್ತಿ ಮಾಡೋಗಂಟ ನಾನು ಪರದ ಒಲೆ ಹಚ್ಚಕಿಲ್ಲ. ಸ್ಟೀಲ್ ಪಾತ್ರೆ ತರ್ತೀರೋ, ಚಿನ್ನದ ಪಾತ್ರೆ ತರ್ತೀರೋ, ನೀವೇ ಬೇಯಿಸ್ಕೊಳ್ಳಿ."

ಬುಧವಾರ ಇಡೀ ದಿನ ನಾನು ಊರಿಗೆ ಬೇಡದವಳಾದೆ. ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಮಗ ಮನೆಗೆ ಬರಲಿಲ್ಲ, ಆಟೊದಲ್ಲೇ ಮಲಗಿದ. ನಾನು ಹಟ ಮಾಡಿ ಅವನನ್ನು ಕಳೆದುಕೊಳ್ಳುತ್ತಿದ್ದೇನಾ ಎಂಬ ಭಯ ಕಾಡಿತು. ಸುಮ್ಮನಿದ್ದರೆ? ಆಗಲೂ ಕಳೆದುಕೊಳ್ಳುತ್ತೇನೆ, ಇವತ್ತು ಇಕ್ಕಳ ಹಿಡಿದವನು ನಾಳೆ ಇನ್ನೇನು ಹಿಡಿಯುತ್ತಾನೋ. ನಮ್ಮ ಯಜಮಾನರು ಮಾತ್ರ, "ನೀನು ಹಿಡಿದದ್ದು ಸರಿಯಾಗೈತೆ, ಬುಡ್ಬ್ಯಾಡ" ಎಂದರು. ಮೂವತ್ತು ವರ್ಷದಲ್ಲಿ ಅವರು ನನ್ನ ಹಟಕ್ಕೆ ಶಹಬ್ಬಾಸ್ ಅಂದದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ ಪಕ್ಕದ ಮನೆಯವಳು ಬಂದಳು. ಬದುವಿನ ತೆಂಗಿನಮರದ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಬಾಗಿಲಲ್ಲೇ ನಿಂತು ಹೇಳಿದಳು: "ನಿನ್ನ ಮ್ಯಾಲೆ ನಂಗಿನ್ನೂ ಸಿಟ್ಟೈತೆ. ಅದು ಬೇರೆ. ನಾನೂ ಖಾರ ರುಬ್ಬಕಿಲ್ಲ." ಹೇಳಿ ತಿರುಗಿ ಹೋದಳು. ಅಯ್ಯೋ, ಆಕೆಯನ್ನು ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಕಾಳು ಬಿಡಿಸುವವರು, ಮುದ್ದೆ ಕಟ್ಟುವವರು, ಸೌದೆ ಹೊರುವವರು, ಎಲ್ಲ ಹೆಂಗಸರೂ ಕೈ ಕಟ್ಟಿ ಕೂತರು. ಕೆಲವರು ಸಾಬರ ಮೇಲಿನ ಮರುಕಕ್ಕೆ, ಕೆಲವರು ಕಲಾಯಿಯಿಲ್ಲದ ಪರ ಅಮ್ಮನಿಗೆ ಆಗಿಬರುವುದಿಲ್ಲ ಎಂಬ ಭಯಕ್ಕೆ, ಒಂದಿಬ್ಬರು ಗಂಡಂದಿರ ಮೇಲಿನ ಹಳೇ ಸಿಟ್ಟಿಗೆ. ಯಾಕಾದರೂ ಆಗಲಿ, ಕೂತರು! ಗುಡಿಯ ಯಜಮಾನರ ಹೆಂಡತಿಯೂ ಕೂತಳಂತೆ ಎಂದು ಗೊತ್ತಾದಾಗ ನಾನು ಅಡಿಗೆಮನೆಯಲ್ಲಿ ಒಬ್ಬಳೇ ಕುಣಿದೆ.

ಶುಕ್ರವಾರ ಅಮ್ಮನ ಮಂಗಳಾರತಿಗೆ ಊರೆಲ್ಲ ಸೇರುತ್ತದೆ. ನಮ್ಮಲ್ಲಿ ತಪ್ಪುಕಾಣಿಕೆ ಕಟ್ಟುವ ಪದ್ಧತಿಯಿದೆ. ತಪ್ಪು ಮಾಡಿದವರು ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ, ತಪ್ಪೇನು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅಮ್ಮನ ಮುಂದೆ ಇಡಬೇಕು. ಹಾಲು ಕರೆದ ಹಸುವಿಗೆ ಒದ್ದೆ, ಹರಕೆ ಮರೆತೆ ಎಂದು ಕಟ್ಟುತ್ತಾರೆ. ಹೊಡೆದಾಟಕ್ಕೆ ಕಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಮಗ ಗೆಳೆಯರ ಜೊತೆ ಕಂಬದ ಪಕ್ಕ ನಿಂತಿದ್ದ. ಎಲ್ಲರೂ ಅವನನ್ನು ನೋಡುತ್ತಿದ್ದರು. ನಾನು ಸೆರಗಿನಿಂದ ಅರಿಸಿನದ ಗಂಟು ತೆಗೆದು ಮುಂದೆ ಹೋದೆ.

"ಈ ತಪ್ಪು ನಂದು," ಎಂದೆ. "ಎಲ್ಲೋ ಯಾರೋ ಹೊಡುದ್ರು ಅಂತ ಒಂದು ಮತಕ್ಕೆ ಮತವನ್ನೇ ಕೊಲ್ಲೋ ಮತ ಅಂತ ಹನ್ನೆರಡು ವರ್ಷ ನನ್ನ ಒಲೆ ಮುಂದೆ ಹೇಳ್ದೆ. ನನ್ನ ಮಗ ಅದನ್ನ ಉಂಡು ಬೆಳ್ದ. ಅಮ್ಮ ಯಾರ ಕೈಯನ್ನೂ ಮುರೀಲಿಲ್ಲ, ಅವಳಿಗೆ ಆ ಪಾಪ ಬ್ಯಾಡ. ಆದ್ರೆ ಅವಳ ಹೆಸ್ರು ಕೂಗಿ ಹೊಡ್ದಾಗ ಸುಮ್ನೆ ನಿಂತೋರು ನಾವು. ಅವಳ ಹೆಸ್ರು ಕಾಯ್ಬೇಕಾದೋರು ನಾವೇ ತಾನೆ? ಸಾಬ್ರು ಅವ್ರ ಮಸೀದೀಲಿ ಎದ್ದು ನಿಂತಿದ್ರು. ನಾನು ನಮ್ಮ ಗುಡೀಲಿ ನಿಂತಿವ್ನಿ."

ಗಂಟನ್ನು ಇಟ್ಟೆ. ಯಜಮಾನರು, ನನ್ನ ಗಂಡ, ಕಂಬದ ಕಡೆ ನೋಡಿ ಮೆಲ್ಲಗೆ ಹೇಳಿದರು: "ಮಗ, ನನ್ನ ಕಣ್ಣಿನ ಲೆಕ್ಕ ನಾನು ಯಾವತ್ತೂ ನಿಂಗೆ ಒಪ್ಪಿಸಿರ್ನಿಲ್ಲ ಕಣಪ್ಪ."

ಅಷ್ಟೇ. ಮಗನ ಮುಖ ಮುದುಡಿತು, ಎರಡು ಹೆಜ್ಜೆ ಬಾಗಿಲ ಕಡೆ ಇಟ್ಟ. ಆಮೇಲೆ ಮುಂದೆ ಬಂದ. ಅವನ ಹತ್ತಿರ ಅರಿಸಿನದ ಬಟ್ಟೆಯಿರಲಿಲ್ಲ, ಕೊರಳಿನ ಟವೆಲಿನ ತುದಿಯನ್ನೇ ಹರಿದ. "ನಾನು ಮುದುಕಪ್ಪನ ಕೈ ಮುರ್ದೆ," ಎಂದ. ಇನ್ನೇನೋ ಹೇಳಲು ಹೋಗಿ ಅಳತೊಡಗಿದ. ಅವನ ಇಬ್ಬರು ಗೆಳೆಯರೂ ಬಂದು ಪಕ್ಕದಲ್ಲಿ ನಿಂತರು. ಮೂರನೆಯವನು ಬೈಕು ಹತ್ತಿ ಹೋದ, ಇವತ್ತಿಗೂ ನನ್ನ ಕಂಡರೆ ದಾರಿ ಬದಲಿಸುತ್ತಾನೆ, ಬದಲಿಸಲಿ. ಕೊನೆಗೆ ಪೂಜಾರಪ್ಪ ಆರತಿ ತಟ್ಟೆ ಕೆಳಗಿಟ್ಟು, ತನ್ನ ಸೊಂಟದಿಂದ ನಾಣ್ಯ ತೆಗೆದ. "ನಂಗೆ ಕೇಳುಸ್ತು. ಹೆದ್ರಿಕೊಂಡು ಗಂಟೆ ಜೋರಾಗಿ ಬಾರುಸ್ದೆ," ಎಂದ. ಆ ಮಾತಿಗೆ ನಾನು ಅವನನ್ನು ಪೂರ್ತಿ ಕ್ಷಮಿಸಿದೆ.

ಶನಿವಾರ ಮಗ ಹರಿದ ತಿದಿಯನ್ನು ಚಮ್ಮಾರರ ಹತ್ತಿರ ಹೊಲಿಸಿಕೊಂಡು ಮಾಗಡಿಗೆ ಹೋದ. ಮೊದಲು ಸ್ಟೇಷನ್ನಿಗೆ ಹೋಗಿ ತಾನು ಮಾಡಿದ್ದನ್ನು ತಾನೇ ಹೇಳಿ, ಕರೆದಾಗ ಬರುತ್ತೇನೆಂದು ಬರೆದುಕೊಟ್ಟ, ಆಮೇಲೆ ಸಾಬರ ಮನೆಗೆ. ನಾನು ಬೀದಿಯಲ್ಲೇ ನಿಂತಿದ್ದೆ, ಒಳಗೆ ಏನು ಮಾತಾಯಿತೋ ಅವನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಗಂಟೆಯಾದ ಮೇಲೆ ಸಾಬರ ಮಗಳು ಹೊರಗೆ ಬಂದು ನನಗೆ ಟೀ ಕೊಟ್ಟಳು. ನಾನು ಒಂದು ಕಾಲದಲ್ಲಿ ಅವಳಪ್ಪನಿಗೆ ನೀರೂ ಕೊಟ್ಟಿರಲಿಲ್ಲ. ಆ ಟೀ ಗಂಟಲಲ್ಲಿ ಇಳಿಯುವಾಗ ಸುಟ್ಟಿತು, ಆದರೂ ತೊಟ್ಟೂ ಬಿಡದೆ ಕುಡಿದೆ.

ಸೋಮವಾರ ಬೆಳಿಗ್ಗೆ ನನ್ನ ಮಗನ ಆಟೊ ಊರಿಗೆ ಬಂತು. ಮುಂದಿನ ಸೀಟಿನಲ್ಲಿ ಕಲಾಯಿ ಸಾಬರು, ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡು ಮದುಮಗನ ಹಾಗೆ ಕೂತಿದ್ದರು! ಹೆಂಗಸರು, ಮಕ್ಕಳು, ಮುದುಕರು, ಊರೆಲ್ಲ ಹುಣಸೆಮರದಡಿ ಸೇರಿತು. ಗುಡಿಯ ಯಜಮಾನರೇ ಕುರ್ಚಿ ತಂದು ಹಾಕಿದರು. ಸಾಬರು ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಕೋಲು ಹಿಡಿದು ಅಪ್ಪಣೆ ಕೊಡುವರು, ನನ್ನ ಮಗ ಮಾಡುವನು.

"ತಿದಿ ಒತ್ತು. ಒತ್ಲಾ! ಹೊಡೆಯೋವಾಗಿದ್ದ ಜೋರು ಎಲ್ಲೋಯ್ತು?"

ಊರು ಗೊಳ್ಳೆಂದಿತು. ಮಗನೂ ಬೆವರಿನ ನಡುವೆ ನಕ್ಕ. ನವಸಾಗರದ ಹೊಗೆ ಕಣ್ಣಿಗೆ ಹೊಡೆದು ಕೆಮ್ಮಿದ, ಮೊದಲ ಸಲ ತವರ ಒಂದೇ ಕಡೆ ಗಟ್ಟಿಯಾಯಿತು, ಬೈಸಿಕೊಂಡ, ಮತ್ತೆ ಕಾಯಿಸಿದ. ಬೆರಳೆರಡು ಸುಟ್ಟುಕೊಂಡ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಉಳಿದ ಅರ್ಧ ಕೆಂಪೂ ಬೆಳ್ಳಗಾಯಿತು. ಅವನು ಹಾಕಿದ ಅರ್ಧ ಅಲ್ಲಲ್ಲಿ ಗೆರೆಗೆರೆ, ಸಾಬರು ಹಾಕಿದ ಅರ್ಧ ನುಣ್ಣಗೆ. ಈಗಲೂ ನೋಡಿದರೆ ನಾನು ಯಾವುದು ಯಾರದೆಂದು ಹೇಳಬಲ್ಲೆ.

ಇನ್ನು ಹುಳಿ ನೋಡಬೇಕು. ಹಚ್ಚುವುದಿಲ್ಲ ಎಂದಿದ್ದ ಒಲೆಯನ್ನು ನಾನೇ ಹಚ್ಚಿದೆ. ಬೆಂಕಿ ಭಗ್ಗನೆ ಹತ್ತಿತು, ಹೆಂಗಸರು ಯಾರೂ ಹೇಳದೆಯೇ ಚಪ್ಪಾಳೆ ಹೊಡೆದರು. ಹುಣಸೆಹುಳಿ, ಖಾರ ಬಿಟ್ಟು ಕುದಿಸಿದೆ, ಕಣ್ಣು ಮಾತ್ರ ಮಗನ ಮೇಲೇ ಇತ್ತು. ಎಲೆ ಹಾಸಿ, ಮುದ್ದೆ ಇಟ್ಟು, ಸಾರು ಬಡಿಸಿ, ಪದ್ಧತಿಯಂತೆ ಸಾಬರ ಮುಂದೆ ಇಟ್ಟೆ.

ಅವರು ಎಲೆಯನ್ನು ಎಡಗೈಯಲ್ಲಿ ನನ್ನ ಮಗನ ಕಡೆ ತಳ್ಳಿದರು. "ಹಾಕಿದ ಕೈ ಅವುಂದು. ಮೊದ್ಲು ಅವ್ನು ಉಣ್ಲಿ. ಈ ಸಲ ಅವ್ನೇ ಜಾಮೀನು."

ಮಗ ನನ್ನನ್ನು ನೋಡಿದ, ಅವನಪ್ಪನನ್ನು ನೋಡಿದ. ನೆಲದ ಮೇಲೆ ಕೂತು, ಸುಟ್ಟ ಬೆರಳಲ್ಲೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಊರಿಗೆ ಊರೇ ಅವನ ಗಂಟಲನ್ನು ನೋಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಹೆಂಗೈತ್ಲಾ?"

ಅವನು ಕಣ್ಣೊರೆಸಿಕೊಂಡ. "ಉಪ್ಪೇ ಹಾಕಿಲ್ಲ ಕಣವ್ವ!"

ಸಾಬರು ಕುರ್ಚಿಯಿಂದ ಬಾಗಿ ಅವನ ಎಲೆಯಿಂದಲೇ ಒಂದು ತುತ್ತು ಎಡಗೈಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡರು. ಚಪ್ಪರಿಸಿ, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು.

"ಕೊಪ್ಪರಿಗೇದು ಏನೂ ತಪ್ಪಿಲ್ಲ ಕಣ್ರಪ್ಪೋ," ಎಂದು ಕೂಗಿದರು, "ತಪ್ಪೆಲ್ಲ ಅಡಿಗೆ ಮಾಡ್ದೋಳುದು!"

ಊರು ನಕ್ಕ ಸದ್ದಿಗೆ ಹುಣಸೆಮರದ ಕಾಗೆಗಳೆಲ್ಲ ಎದ್ದು ಹಾರಿದವು. "ಹೂಂ ಕಣಪ್ಪ, ನಂದೇ," ಎಂದು ನಾನೂ ಕೂಗಿದೆ, ಎರಡು ಹಿಡಿ ಉಪ್ಪು ತೆಗೆದುಕೊಂಡು ಕೊಪ್ಪರಿಗೆಗೆ ಹಾಕಿದೆ.